ಮಲೆನಾಡಿನ ರಸ್ತೆಬದಿ ಫೈಬರ್ ಕ್ಯಾಬಿನೆಟ್: ದೋಷ ಪತ್ತೆ ಮತ್ತು ನಿವಾರಣೆಯ ಕೈಪಿಡಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ಫೈಬರ್ ಇಂಟರ್‌ನೆಟ್‌ಗಾಗಿ ರಸ್ತೆಬದಿ ಕ್ಯಾಬಿನೆಟ್ ನಿಲ್ಲಿಸುವ ಹಾಗೂ ಆಮೇಲೆ ಅದನ್ನು ನೋಡಿಕೊಳ್ಳುವ ತಂತ್ರಜ್ಞರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಈ ಭಾಗದಲ್ಲಿ ಕ್ಯಾಬಿನೆಟ್‌ಗಳು ಎರಡು ಬಗೆಯಲ್ಲಿ ಕಾಣಸಿಗುತ್ತವೆ. ಮೊದಲನೆಯದರಲ್ಲಿ ಸ್ಪ್ಲಿಟರ್ (ಒಂದು ಫೈಬರಿನ ಬೆಳಕನ್ನು ಹಲವು ಕವಲುಗಳಿಗೆ ಹಂಚುವ ಸಾಧನ), ಸ್ಪ್ಲೈಸ್ ಟ್ರೇ (ಫೈಬರ್ ಜೋಡಣೆಗಳನ್ನು ಇಡುವ ತಟ್ಟೆ) ಮತ್ತು ಕನೆಕ್ಟರ್ ಸಿಕ್ಕಿಸುವ ಅಡಾಪ್ಟರ್‌ಗಳು ಮಾತ್ರ ಇರುತ್ತವೆ. ಅದಕ್ಕೆ ಕರೆಂಟ್ ಬೇಕಿಲ್ಲ. ಎರಡನೆಯದರಲ್ಲಿ ಸಣ್ಣ ಓಎಲ್‌ಟಿ (ಮನೆಗಳಿಗೆ ಫೈಬರಿನಲ್ಲಿ ಬೆಳಕು ಕಳಿಸುವ ಮುಖ್ಯ ಸಾಧನ), ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಘಟಕ), ಬ್ಯಾಟರಿ ಮತ್ತು ಫ್ಯಾನ್ ಇರುತ್ತವೆ. ಎರಡಕ್ಕೂ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ಉಪಕರಣದಿಂದ ಬರುವಂಥವಲ್ಲ, ಅಳವಡಿಸಿದ ದಿನವೇ ಒಳಗೆ ಸೇರಿಕೊಂಡು ಮಳೆಗೋ ಬಿಸಿಲಿಗೋ ಕಾದು ಕುಳಿತಿದ್ದವು ಎಂಬುದು ಈ ಬರಹದ ನಿಲುವು. ಆದ್ದರಿಂದಲೇ ಇಲ್ಲಿ ಕಾರ್ಡ್ ಬದಲಿಸುವ ಮಾತು ಕಡಿಮೆ. ಪ್ಲಿಂತ್ (ಕ್ಯಾಬಿನೆಟ್ ನಿಲ್ಲುವ ಕಟ್ಟೆ), ಡಕ್ಟ್ (ಕೇಬಲ್ ಸಾಗುವ ನೆಲದಡಿಯ ಕೊಳವೆ), ಅರ್ಥಿಂಗ್ ಮತ್ತು ಗ್ಲ್ಯಾಂಡಿನ (ಕೇಬಲ್ ಒಳಬರುವ ತೂತಿನ ಬಿಗಿಮುಚ್ಚಳ) ಮಾತು ಹೆಚ್ಚು.

ಬಾಗಿಲು ತೆರೆಯುವ ಮುನ್ನ

ದೂರು ಬಂದ ಕೂಡಲೇ ಎರಡು ವಿಷಯಗಳನ್ನು ಬರೆದುಕೊಳ್ಳಬೇಕು: ಸಂಪರ್ಕ ಯಾವ ಹೊತ್ತಿಗೆ ಹೋಯಿತು ಮತ್ತು ಎಷ್ಟು ಮನೆಗಳಲ್ಲಿ ಹೋಯಿತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಹೋಗುವ ಸಂಪರ್ಕವು ಬಿಸಿಯತ್ತ ಬೆರಳು ತೋರಿಸುತ್ತದೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ಕೊಡುವ ಹೊತ್ತಿನಲ್ಲಿ ಹೋಗುವುದಾದರೆ ವೋಲ್ಟೇಜ್ ನೋಡಬೇಕು. ಮಳೆ ಶುರುವಾದ ತಕ್ಷಣ ಹೋಗುವುದಕ್ಕೂ ಮಳೆ ನಿಂತು ಒಂದು ದಿನ ಕಳೆದ ಮೇಲೆ ಹೋಗುವುದಕ್ಕೂ ಕಾರಣಗಳು ಬೇರೆ ಬೇರೆ. ಗಾಳಿ ಬೀಸಿದಾಗ ಬಂದು ಹೋಗಿ ಮಾಡುವುದು ಬಹುತೇಕ ಕಂಬದ ಮೇಲಿನ ಕೇಬಲ್ಲಿನ ದೋಷವೇ ಆಗಿರುತ್ತದೆ. ಗ್ರಾಹಕರು ಗಂಟೆ ನಿಮಿಷ ಹೇಳಲಾರರು. ಆದರೆ ಹಾಲು ಡೇರಿಗೆ ಹಾಕಿ ಬರುವಷ್ಟರಲ್ಲಿ ಹೋಗಿತ್ತು ಎಂದೋ, ಮಗುವಿನ ಆನ್‌ಲೈನ್ ಪಾಠ ಅರ್ಧಕ್ಕೆ ನಿಂತಿತು ಎಂದೋ ಹೇಳುತ್ತಾರೆ. ಅಷ್ಟು ಸಾಕು, ಓಎಲ್‌ಟಿಯ ಲಾಗ್‌ನೊಂದಿಗೆ ಅದನ್ನು ತಾಳೆ ನೋಡಬಹುದು.

ಸುರಕ್ಷತೆಯ ವಿಷಯದಲ್ಲಿ ಮೂರು ಮಾತು. ಜಿಪಾನ್ ಜಾಲದಲ್ಲಿ (ಒಂದೇ ಫೈಬರನ್ನು ಸ್ಪ್ಲಿಟರ್ ಮೂಲಕ ಹಲವು ಮನೆಗಳು ಹಂಚಿಕೊಳ್ಳುವ ಜಾಲ) ಮನೆಯ ಕಡೆಗೆ ಹೋಗುವ ಬೆಳಕು 1490 ನ್ಯಾನೋಮೀಟರ್‌ನದು. ಅದು ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಲ್ಲದು, ಹಾಗಾಗಿ ಕನೆಕ್ಟರಿನ ತುದಿಯನ್ನು ಕಣ್ಣಿನ ಎದುರು ಹಿಡಿಯಬಾರದು. ಬ್ಯಾಟರಿ ಇರುವ ಕ್ಯಾಬಿನೆಟ್ಟಿನಲ್ಲಿ ಉಂಗುರ, ಕೈಗಡಿಯಾರಗಳನ್ನು ಕಳಚಿಟ್ಟು ಕೆಲಸ ಮಾಡಬೇಕು. ಇನ್ನು ಮಳೆಗಾಲದಲ್ಲಿ ಬೆಚ್ಚಗಿರುವ ಕ್ಯಾಬಿನೆಟ್ಟಿನ ಬುಡಕ್ಕೆ ಹಾವು, ಕಣಜ, ಚೇಳು ಬಂದು ಸೇರುವುದು ಇಲ್ಲಿ ಸಾಮಾನ್ಯವಾದ್ದರಿಂದ, ಮೊದಲು ಕೋಲಿನಿಂದ ತಟ್ಟಿ, ಬಾಗಿಲನ್ನು ಮೈ ಒಡ್ಡದೆ ಪಕ್ಕದಿಂದ ತೆರೆಯುವುದು ಲೇಸು.

ಕರೆಂಟಿನ ದೋಷವೋ, ಬೆಳಕಿನ ದೋಷವೋ

ಇದನ್ನು ಸ್ಥಳಕ್ಕೆ ಹೋಗದೆಯೇ ತಿಳಿಯಬಹುದು, ಆದರೂ ಹೆಚ್ಚಿನವರು ಇದನ್ನು ನೋಡದೆಯೇ ಬೈಕ್ ಹತ್ತುತ್ತಾರೆ. ಮನೆಯಲ್ಲಿರುವ ಓಎನ್‌ಟಿಗೆ (ಫೈಬರ್ ಬಂದು ಸೇರುವ ಪೆಟ್ಟಿಗೆ) ಕರೆಂಟ್ ಹೋದಾಗ ಅದು ಆರುವ ಮುನ್ನ ‘ಡೈಯಿಂಗ್ ಗ್ಯಾಸ್ಪ್’ ಎಂಬ ಒಂದು ಕೊನೆಯ ಸಂದೇಶವನ್ನು ಓಎಲ್‌ಟಿಗೆ ಕಳಿಸುತ್ತದೆ. ಫೈಬರ್ ತುಂಡಾದರೆ ಆ ಸಂದೇಶ ಬರುವುದಿಲ್ಲ, ‘ಲಾಸ್’ (ಬೆಳಕು ಬರುತ್ತಿಲ್ಲ) ಎಂದಷ್ಟೇ ದಾಖಲಾಗುತ್ತದೆ. ಒಂದು ಊರಿನ ಇಪ್ಪತ್ತು ಓಎನ್‌ಟಿಗಳೂ ಒಂದೇ ನಿಮಿಷದಲ್ಲಿ ಡೈಯಿಂಗ್ ಗ್ಯಾಸ್ಪ್ ಕಳಿಸಿದ್ದರೆ ಆ ಊರಿನ ಕರೆಂಟ್ ಹೋಗಿದೆ ಎಂದೇ ಅರ್ಥ. ಅಲ್ಲಿಗೆ ಓಟಿಡಿಆರ್ (ಫೈಬರಿನ ದೋಷ ಎಷ್ಟು ದೂರದಲ್ಲಿದೆ ಎಂದು ತೋರಿಸುವ ಸಾಧನ) ಹೊತ್ತುಕೊಂಡು ಹೋಗಬೇಕಾದ್ದಿಲ್ಲ. ಇಪ್ಪತ್ತೂ ಒಟ್ಟಿಗೆ ಲಾಸ್ ತೋರಿಸಿದ್ದರೆ ಓಎಲ್‌ಟಿಗೂ ಸ್ಪ್ಲಿಟರಿಗೂ ನಡುವಿನ ಫೀಡರ್ ಫೈಬರ್ ಕಡಿದಿದೆ. ಒಂದೇ ಮನೆಯದು ಲಾಸ್ ತೋರಿಸಿದ್ದರೆ ಸ್ಪ್ಲಿಟರಿನ ಆ ಒಂದು ಪೋರ್ಟಿನಿಂದ ಮನೆಯವರೆಗಿನ ದಾರಿಯನ್ನು ಹುಡುಕಬೇಕು. ಓಎಲ್‌ಟಿಯೇ ಸಂಪರ್ಕಕ್ಕೆ ಸಿಗುತ್ತಿಲ್ಲವಾದರೆ ಕ್ಯಾಬಿನೆಟ್ಟಿನ ಕರೆಂಟ್ ಮತ್ತು ಅದರ ಹಿಂದಿನ ಅಪ್‌ಲಿಂಕ್ (ಓಎಲ್‌ಟಿಯನ್ನು ಮೇಲಿನ ಜಾಲಕ್ಕೆ ಸೇರಿಸುವ ಲೈನ್) ಎರಡನ್ನೂ ನೋಡಬೇಕು.

ಬೆಳಕಿನ ಲೆಕ್ಕ

ಪವರ್ ಮೀಟರ್ ತೋರಿಸುವ ಅಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬೇಕಾದರೆ ಅಲ್ಲಿ ಎಷ್ಟು ಇರಬೇಕಿತ್ತು ಎಂಬುದು ಮೊದಲೇ ಗೊತ್ತಿರಬೇಕು. ಬೆಳಕಿನ ಬಲವನ್ನು ಡಿಬಿಎಂನಲ್ಲಿ, ದಾರಿಯಲ್ಲಾಗುವ ನಷ್ಟವನ್ನು ಡಿಬಿಯಲ್ಲಿ ಹೇಳುತ್ತಾರೆ. ಬಿ ಪ್ಲಸ್ ವರ್ಗದ ಜಿಪಾನ್ ಪೋರ್ಟಿಗೆ ಒಟ್ಟು 28 ಡಿಬಿ ನಷ್ಟದವರೆಗೆ ಅವಕಾಶವಿದೆ. ಸಿ ಪ್ಲಸ್‌ಗೆ 32 ಡಿಬಿ. ಬಿ ಪ್ಲಸ್‌ನಲ್ಲಿ ಓಎನ್‌ಟಿಯ ಗ್ರಹಣ ಮಿತಿ ಮೈನಸ್ 27 ಡಿಬಿಎಂ. 1490 ನ್ಯಾನೋಮೀಟರ್‌ನಲ್ಲಿ ಫೈಬರ್ ಕಿಲೋಮೀಟರಿಗೆ ಸುಮಾರು 0.25 ಡಿಬಿ ಕಳೆಯುತ್ತದೆ, ಒಳ್ಳೆಯ ಫ್ಯೂಷನ್ ಸ್ಪ್ಲೈಸ್ (ಕಾಯಿಸಿ ಬೆಸೆದ ಜೋಡಣೆ) 0.1 ಡಿಬಿಗಿಂತ ಕಡಿಮೆ, ಕನೆಕ್ಟರ್ ಜೋಡಿ ಹೆಚ್ಚೆಂದರೆ 0.5, ಮೂವತ್ತೆರಡು ಕವಲಿನ ಸ್ಪ್ಲಿಟರ್ ಸುಮಾರು 17.5 ಡಿಬಿ.

ಓಎಲ್‌ಟಿ ಆಲೂರು ಪಟ್ಟಣದಲ್ಲಿದ್ದು, ಸ್ಪ್ಲಿಟರ್ ಇರುವ ಕ್ಯಾಬಿನೆಟ್ 8 ಕಿಲೋಮೀಟರ್ ದೂರದ ಹಳ್ಳಿಯಲ್ಲಿದೆ ಎಂದು ಇಟ್ಟುಕೊಳ್ಳೋಣ. ಓಎಲ್‌ಟಿಯಿಂದ ಪ್ಲಸ್ 3 ಡಿಬಿಎಂ ಹೊರಟರೆ ಫೈಬರಿಗೆ 2, ಐದು ಸ್ಪ್ಲೈಸ್‌ಗಳಿಗೆ 0.5, ಎರಡು ಕನೆಕ್ಟರ್‌ಗಳಿಗೆ 1, ಹೀಗೆ 3.5 ಡಿಬಿ ಕಳೆದು ಕ್ಯಾಬಿನೆಟ್ಟಿಗೆ ಮೈನಸ್ 0.5 ತಲುಪಬೇಕು. ಸ್ಪ್ಲಿಟರ್ ದಾಟಿದ ಮೇಲೆ ಮೈನಸ್ 18, ಒಂದು ಕಿಲೋಮೀಟರ್ ಒಳಗಿನ ಮನೆಯಲ್ಲಿ ಮೈನಸ್ 19ರಿಂದ 20. ಮನೆಯಲ್ಲಿ ಮೈನಸ್ 26 ಬರುತ್ತಿದ್ದರೆ ಓಎನ್‌ಟಿಯ ದೀಪ ಹಸಿರಾಗಿಯೇ ಇರಬಹುದು, ಕೆಲಸವೂ ನಡೆಯಬಹುದು. ಆದರೆ ದಾರಿಯಲ್ಲಿ 6 ಡಿಬಿ ಎಲ್ಲೋ ಸೋರುತ್ತಿದೆ. ಇಂಥ ಸಂಪರ್ಕವೇ ಮೊದಲ ಮಳೆಗೆ ಹೋಗುವುದು. ದೀಪ ಹಸಿರಿದೆ ಎಂದು ಸಹಿ ಹಾಕಿಸಿಕೊಂಡು ಬರುವ ಅಳವಡಿಕೆಯನ್ನು ಪೂರ್ಣವೆಂದು ಒಪ್ಪಬಾರದು.

ಅಳೆಯುವಾಗ ಸ್ಪ್ಲಿಟರಿನ ಒಳಮುಖದಲ್ಲಿ ಒಮ್ಮೆ, ಹೊರಮುಖದಲ್ಲಿ ಒಮ್ಮೆ, ಮನೆಯಲ್ಲಿ ಒಮ್ಮೆ ಅಳೆದರೆ ನಷ್ಟ ಯಾವ ತುಂಡಿನಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ. ಮೀಟರನ್ನು 1490ಕ್ಕೆ ಇಟ್ಟಿದ್ದೀರೋ ಇಲ್ಲವೋ ಎಂದು ನೋಡಿಕೊಳ್ಳಬೇಕು. ಒಳಮುಖ ಸರಿಯಿದ್ದು ಎಲ್ಲ ಹೊರಮುಖಗಳೂ ಸಮನಾಗಿ ಕುಗ್ಗಿದ್ದರೆ ಸ್ಪ್ಲಿಟರಿನ ಒಳಗಿನ ದೋಷವೋ ಅದರ ಒಳಮುಖದ ಕನೆಕ್ಟರಿನ ಕೊಳಕೋ ಇರುತ್ತದೆ. ಒಂದೇ ಸಾಲಿನ ಮನೆಗಳೆಲ್ಲ ಇದ್ದಕ್ಕಿದ್ದಂತೆ 3.5 ಡಿಬಿ ಕುಗ್ಗಿದ್ದರೆ ಕಂಬದ ಮೇಲೆ ಯಾರೋ ಹೊಸ ಮನೆಗೋಸ್ಕರ ಎರಡು ಕವಲಿನ ಸ್ಪ್ಲಿಟರನ್ನು ನಡುವೆ ಸೇರಿಸಿದ್ದಾರೆ ಎಂದು ತಿಳಿಯಬಹುದು. ಆ ಅಂಕಿ ಅಷ್ಟು ಖಚಿತವಾಗಿ ಸುಳಿವು ಕೊಡುತ್ತದೆ.

ಬಾಗು, ಕೊಳಕು, ತಪ್ಪು ಕನೆಕ್ಟರ್

ಕ್ಯಾಬಿನೆಟ್ಟಿನ ಒಳಗಿನ ನಷ್ಟಕ್ಕೆ ಸಾಮಾನ್ಯ ಕಾರಣ ಬಾಗು. ಹಳೆಯ ಬಗೆಯ ಜಿ.652 ಫೈಬರನ್ನು 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಸುತ್ತಬಾರದು, ಜಿ.657 ಎ1 ಬಗೆಯದು 10 ಮಿಲಿಮೀಟರ್‌ವರೆಗೆ ತಡೆದುಕೊಳ್ಳುತ್ತದೆ. ಕ್ಯಾಬಿನೆಟ್ ತೆರೆದಿದ್ದಾಗ ಎಲ್ಲವೂ ಸರಿಯಿದ್ದು ಬಾಗಿಲು ಹಾಕಿದೊಡನೆ ಸಂಪರ್ಕ ಹೋಗುವುದಾದರೆ ಪಿಗ್‌ಟೇಲ್ (ಒಂದು ತುದಿಗೆ ಕನೆಕ್ಟರ್ ಇರುವ ತುಂಡು ಫೈಬರ್) ಬಾಗಿಲಿನ ಅಂಚಿಗೋ ಟ್ರೇಯ ಮುಚ್ಚಳಕ್ಕೋ ಸಿಕ್ಕಿಕೊಂಡಿರುತ್ತದೆ. ಬಾಗನ್ನು ಸ್ಪ್ಲೈಸ್ ದೋಷದಿಂದ ಬೇರ್ಪಡಿಸಿ ಗುರುತಿಸಲು 1310 ಮತ್ತು 1550 ನ್ಯಾನೋಮೀಟರ್ ಎರಡರಲ್ಲೂ ಓಟಿಡಿಆರ್ ಹಾಕಬೇಕು. ಎರಡರಲ್ಲೂ ನಷ್ಟ ಹೆಚ್ಚುಕಡಿಮೆ ಸಮನಾಗಿದ್ದರೆ ಅದು ಸ್ಪ್ಲೈಸ್ ಅಥವಾ ಕನೆಕ್ಟರ್. 1550ರಲ್ಲಿ ಮಾತ್ರ ಎದ್ದು ಕಂಡರೆ ಬಾಗು. ಚಾಲ್ತಿಯಲ್ಲಿರುವ ಫೈಬರಿಗೆ ಈ ಎರಡು ತರಂಗಗಳನ್ನು ಬಿಡುವಂತಿಲ್ಲ. ಅದಕ್ಕೆ ಫಿಲ್ಟರ್ ಇರುವ 1625 ಅಥವಾ 1650ರ ಮಾಡ್ಯೂಲ್ ಬೇಕು. ಸ್ಪ್ಲಿಟರಿನ ಆಚೆಗಿನ ದೋಷವನ್ನು ಓಎಲ್‌ಟಿ ಕಡೆಯಿಂದ ನೋಡಿದರೆ ಎಲ್ಲ ಕವಲುಗಳ ಗೆರೆ ಒಂದರ ಮೇಲೊಂದು ಬಿದ್ದು ಗೊಂದಲವಾಗುವುದರಿಂದ ಮನೆಯ ಕಡೆಯಿಂದ ಹಿಂದಕ್ಕೆ ನೋಡುವುದೇ ವಾಸಿ.

ಓಟಿಡಿಆರ್ ತೋರಿಸುವುದು ಫೈಬರಿನ ಉದ್ದವನ್ನು. ರಸ್ತೆಯ ಉದ್ದ ಅದಕ್ಕಿಂತ ಕಡಿಮೆ. ಚೇಂಬರ್‌ಗಳಲ್ಲಿ (ನೆಲದಡಿಯ ಕೇಬಲ್ ಗುಂಡಿಗಳಲ್ಲಿ) ಸುತ್ತಿಟ್ಟ ಹೆಚ್ಚುವರಿ ಕೇಬಲ್ಲನ್ನು ಕಳೆಯದೆ ಬೈಕಿನ ಮೀಟರ್ ನೋಡಿಕೊಂಡು ಹೋದರೆ ದೋಷದ ಜಾಗವನ್ನು ದಾಟಿ ಮುಂದೆ ಹೋಗಿ ಅಗೆಯುವಂತಾಗುತ್ತದೆ.

ಹಸಿರು ಕನೆಕ್ಟರಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಹಾಗಿರುವುದಿಲ್ಲ. ಇವೆರಡನ್ನು ಒಂದಕ್ಕೊಂದು ತುರುಕಿದರೆ ನಡುವೆ ಸಂದು ಉಳಿದು ಬೆಳಕು ಸೋರುವುದಲ್ಲದೆ ಮುಖಗಳೂ ಹಾಳಾಗುತ್ತವೆ. ಕನೆಕ್ಟರನ್ನು ಒರೆಸಲು ಸ್ಯಾನಿಟೈಸರ್ ಬಳಸುವ ರೂಢಿ ಕೆಲವರಲ್ಲಿದೆ. ಅದರಲ್ಲಿ ನೀರು ಮತ್ತು ಜೆಲ್ ಇರುವುದರಿಂದ ಒಣಗಿದ ಮೇಲೆ ಪೊರೆ ಉಳಿಯುತ್ತದೆ. 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಆಮೇಲೆ ಸ್ಕೋಪಿನಲ್ಲಿ (ತುದಿಯನ್ನು ಹಿಗ್ಗಿಸಿ ತೋರಿಸುವ ಸಾಧನ) ಪರೀಕ್ಷೆ, ಇಷ್ಟು ಆಗಲೇಬೇಕು.

ಮಳೆಗಾಲದ ದೋಷಗಳು

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಗಳಲ್ಲಿ ಪುನರ್ವಸು, ಪುಷ್ಯ ಮಳೆಗಳು ಹಿಡಿದಾಗ ಬರುವ ದೂರುಗಳಿಗೆ ‘ಕೇಬಲ್ಲಿಗೆ ನೀರು ಹೋಗಿದೆ’ ಎಂಬ ಒಂದೇ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಬಹಳ ಸಲ ತಪ್ಪು. ಫೈಬರ್ ತಾಮ್ರದ ತಂತಿಯಲ್ಲ; ಹೊರಪದರ ಸರಿಯಿರುವ ಗಾಜಿನ ಎಳೆ ನೀರಿನಲ್ಲಿ ಮುಳುಗಿದ ಮಾತ್ರಕ್ಕೆ ಅದರೊಳಗಿನ ಬೆಳಕು ನಿಲ್ಲುವುದಿಲ್ಲ. ನೀರಿನ ತೇವ ಗಾಜಿನ ಸಣ್ಣ ಬಿರುಕುಗಳನ್ನು ವರ್ಷಗಳ ಅವಧಿಯಲ್ಲಿ ಬೆಳೆಸುತ್ತದೆ ಎಂಬುದು ನಿಜ, ಆದರೆ ಮಳೆ ಬಂದ ಅರ್ಧ ಗಂಟೆಯಲ್ಲಿ ಸಂಪರ್ಕ ಹೋಯಿತೆಂದರೆ ಹುಡುಕಬೇಕಾದ್ದು ಬೇರೆ ಕಡೆ: ಕನೆಕ್ಟರಿನ ಮುಖಕ್ಕೆ ತಲುಪಿದ ತೇವ, ಕಳಪೆ ಗುಣಮಟ್ಟದ ಮೆಕ್ಯಾನಿಕಲ್ ಸ್ಪ್ಲೈಸ್ (ಬೆಸೆಯದೆ ಒತ್ತಿ ಹಿಡಿದ ಜೋಡಣೆ), ನೆನೆದ ಕೊಂಬೆಯ ಭಾರಕ್ಕೆ ಜಗ್ಗಿದ ಕೇಬಲ್, ಅಥವಾ ಎಂದಿನಂತೆ ಕರೆಂಟ್.

ಮಳೆ ನಿಂತ ಮೇಲೆ ನಿಧಾನವಾಗಿ ಸಿಗ್ನಲ್ ಕುಗ್ಗುವುದು ಇನ್ನೊಂದು ಬಗೆ. ಎಲ್ಲೋ ಮೇಲೆ ಹೊರಕವಚ ಹರಿದ ಕೇಬಲ್ಲಿನೊಳಗೆ ಹೊಕ್ಕ ನೀರು ಇಳಿಜಾರಿನಲ್ಲಿ ಹರಿದು ಕೆಳಗಿನ ಜಾಯಿಂಟ್ ಕ್ಲೋಶರ್ (ಕೇಬಲ್ ಜೋಡಣೆಯ ಮುಚ್ಚಿದ ಡಬ್ಬಿ) ತುಂಬಲು ಸಮಯ ಹಿಡಿಯುತ್ತದೆ. ಆದ್ದರಿಂದ ಗುಡ್ಡದ ಊರುಗಳಲ್ಲಿ ನೀರು ಕಂಡ ಕ್ಲೋಶರಿನಲ್ಲೇ ಸೋರಿಕೆ ಇದೆಯೆಂದು ನಂಬದೆ, ಅದರ ಮೇಲ್ಭಾಗದ ಕೇಬಲ್ಲನ್ನು ನೋಡುತ್ತ ಹೋಗಬೇಕು.

ಕ್ಯಾಬಿನೆಟ್ಟಿನೊಳಗೆ ನೀರು ಕಂಡಾಗ ಮೊದಲು ಕೇಳಿಕೊಳ್ಳಬೇಕಾದ್ದು ಅದು ಮೇಲಿನಿಂದ ಬಂದದ್ದೋ ಕೆಳಗಿನಿಂದ ಬಂದದ್ದೋ ಎಂದು. ಐಪಿ55 ಅಥವಾ ಐಪಿ65 ಎಂದು ಬರೆದಿರುವ ಪೆಟ್ಟಿಗೆ ಚಿಮ್ಮುವ ನೀರನ್ನು ತಡೆಯುತ್ತದೆ. ಆದರೆ ತಳದಲ್ಲಿ ಕೇಬಲ್ಲಿಗಾಗಿ ತೂತು ಕೊರೆದು ಗ್ಲ್ಯಾಂಡ್ ಹಾಕದೆ ಬಿಟ್ಟ ಕ್ಷಣದಿಂದ ಆ ಅಂಕಿಗೆ ಬೆಲೆಯಿಲ್ಲ. ಒಳಗೋಡೆಯ ಮೇಲ್ಭಾಗದಲ್ಲೂ ಛಾವಣಿಯ ಒಳಮೈಯಲ್ಲೂ ಹನಿಗಳು ಸಾಲಾಗಿ ಕೂತಿದ್ದರೆ ಅದು ಸೋರಿಕೆಯಲ್ಲ, ಇಬ್ಬನಿ. ಡಕ್ಟಿನ ಬಾಯಿ ಮುಚ್ಚದೆ ಇದ್ದಾಗ ಚೇಂಬರಿನ ತೇವದ ಗಾಳಿ ಡಕ್ಟಿನ ಮೂಲಕ ಮೇಲೇರಿ, ರಾತ್ರಿ ತಣ್ಣಗಾದ ತಗಡಿಗೆ ತಾಗಿ ನೀರಾಗುತ್ತದೆ. ಬೀಡಿಂಗ್ ರಬ್ಬರ್ ಬದಲಿಸಿ, ಸಿಲಿಕೋನ್ ಬಳಿದು ಇದನ್ನು ನಿಲ್ಲಿಸಲಾಗದು. ಎಷ್ಟು ಬಿಗಿಯಾಗಿ ಮುಚ್ಚಿದರೆ ಅಷ್ಟು ಹೆಚ್ಚು ನೀರು ಒಳಗೇ ಉಳಿಯುತ್ತದೆ. ಬಳಕೆಯಲ್ಲಿರುವ ಮತ್ತು ಖಾಲಿ ಇರುವ ಎಲ್ಲ ಡಕ್ಟ್‌ಗಳಿಗೂ ಪ್ಲಗ್ ಹಾಕಬೇಕು. ಖಾಲಿ ಡಕ್ಟನ್ನು ಮರೆಯುವವರೇ ಹೆಚ್ಚು. ಪ್ಲಿಂತಿನ ಟೊಳ್ಳನ್ನು ಒಣ ಮರಳು ಅಥವಾ ಸಣ್ಣ ಜಲ್ಲಿಯಿಂದ ತುಂಬಬೇಕು. ಇದರಿಂದ ಹೆಗ್ಗಣ, ಗೆದ್ದಲುಗಳ ದಾರಿಯೂ ಕಡಿಮೆಯಾಗುತ್ತದೆ.

ಪ್ಲಿಂತಿನ ಎತ್ತರವನ್ನು ಬೇಸಿಗೆಯಲ್ಲಿ ನಿರ್ಧರಿಸಿದ್ದರೆ ಅದು ತಪ್ಪಾಗಿರುವ ಸಂಭವವೇ ಹೆಚ್ಚು. ಅಕ್ಕಪಕ್ಕದ ಮೋರಿ, ಕಾಂಪೌಂಡ್ ಗೋಡೆಗಳ ಮೇಲೆ ಹಿಂದಿನ ಮಳೆಗಾಲದ ಕೆಸರಿನ ಗೆರೆ ಕಾಣುತ್ತದೆ. ಪ್ಲಿಂತಿನ ಮೇಲ್ಮೈ ಆ ಗೆರೆಗಿಂತ ಕನಿಷ್ಠ ಒಂದು ಮೊಳ ಮೇಲಿರಬೇಕು. ಡಾಂಬರಿನ ಪದರದ ಮೇಲೆ ಪದರ ಬಿದ್ದು ರಸ್ತೆ ಏರುತ್ತ ಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತೋಟಗಳ ನಡುವೆ ಸಿಲ್ವರ್ ಓಕ್ ಮರಗಳಿಗೆ ಕಟ್ಟಿಕೊಂಡು ಬಂದ ಕೇಬಲ್ಲಿಗೆ ಮಳೆಗಾಲದ ಮುಂಚಿನ ಮರಗಸಿಯೇ (ನೆರಳಿನ ಮರಗಳ ಕೊಂಬೆ ಕಡಿಯುವುದು) ಒಂದು ಗಂಡಾಂತರ. ಕೊಂಬೆ ಬಿದ್ದು ಕೇಬಲ್ ತುಂಡಾದರೆ ಕೂಡಲೇ ತಿಳಿಯುತ್ತದೆ. ತುಂಡಾಗದೆ ನುಲಿದುಕೊಂಡರೆ ಗಾಳಿ ಬಂದಾಗ ಮಾತ್ರ ಸಂಪರ್ಕ ಹೋಗುವ, ಹಗಲಿಡೀ ಹುಡುಕಿದರೂ ಸಿಗದ ದೋಷವಾಗುತ್ತದೆ. ತೋಟದ ಮಾಲೀಕರೊಂದಿಗೆ ಮೊದಲೇ ಮಾತಾಡಿ ಮರಗಸಿಯ ದಿನ ಕೇಬಲ್ಲನ್ನು ಸಡಿಲಿಸಿ ಕೆಳಗಿಳಿಸಿಕೊಳ್ಳುವುದು ಇದಕ್ಕಿರುವ ನಿಜವಾದ ಪರಿಹಾರ. ಅಡಿಕೆ ತೋಟದಲ್ಲಿ ಔಷಧಿ ಹೊಡೆಯುವ, ಗೊನೆ ಇಳಿಸುವ ಉದ್ದನೆಯ ದೋಟಿಗಳಿಂದಲೂ ಡ್ರಾಪ್ ಕೇಬಲ್ಲಿಗೆ ಇದೇ ಬಗೆಯ ಏಟು ಬೀಳುತ್ತದೆ.

ಕರೆಂಟ್ ಮತ್ತು ಬ್ಯಾಟರಿ

ಓಎಲ್‌ಟಿ ಇರುವ ಕ್ಯಾಬಿನೆಟ್ಟಿನಲ್ಲಿ 12 ವೋಲ್ಟಿನ ನಾಲ್ಕು ಬ್ಯಾಟರಿಗಳು ಸರಣಿಯಲ್ಲಿ ಸೇರಿ 48 ವೋಲ್ಟ್ ಆಗುತ್ತವೆ. ಚಾರ್ಜ್ ತುಂಬಿ ಫ್ಲೋಟ್‌ನಲ್ಲಿದ್ದಾಗ (ತುಂಬಿದ ಚಾರ್ಜ್ ಇಳಿಯದಂತೆ ಕಾಯುವ ಹಂತ) ಒಟ್ಟು ಸುಮಾರು 54, ಒಂದೊಂದರ ಮೇಲೆ 13.5 ವೋಲ್ಟ್ ಇರಬೇಕು. ಬ್ಯಾಕಪ್ ಸಾಲದು ಎಂಬ ದೂರಿಗೆ ನಾಲ್ಕನ್ನೂ ಒಟ್ಟಿಗೆ ಬದಲಿಸುವ ಮುನ್ನ ಹೀಗೆ ಮಾಡಬೇಕು: ಕರೆಂಟಿನ ಎಂಸಿಬಿ ಇಳಿಸಿ, ಲೋಡ್ ಬ್ಯಾಟರಿಯ ಮೇಲೆ ಓಡುತ್ತಿರುವಾಗ ಒಂದೊಂದನ್ನೂ ಅಳೆಯಬೇಕು. ಮೂರು 12ರ ಮೇಲೆ ನಿಂತು ಒಂದು ಬೇಗನೆ 10.5ಕ್ಕೆ ಇಳಿದರೆ ಅದೊಂದೇ ಸತ್ತಿದೆ. ನಾಲ್ಕೂ ಸಮನಾಗಿ ಇಳಿಯುತ್ತಿದ್ದರೆ ಅವು ಹಳತಾಗಿವೆ, ಇಲ್ಲವೇ ಎಂದೂ ಪೂರ್ತಿ ಚಾರ್ಜ್ ಆಗುತ್ತಿಲ್ಲ.

ಲೆಕ್ಕ ಹೀಗಿದೆ. 150 ವ್ಯಾಟ್ ಲೋಡಿಗೆ 48 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಬೇಕು. 40 ಆಂಪಿಯರ್-ಅವರ್ ಬ್ಯಾಟರಿಯ ಎಂಬತ್ತು ಶೇಕಡ ಬಳಸಿದರೂ ಹತ್ತು ಗಂಟೆ ನಡೆಯಬೇಕು. ಎರಡು ಗಂಟೆಗೇ ಕೈಕೊಡುವ ಹೊಸ ಬ್ಯಾಟರಿಯಿದ್ದರೆ ಚಾರ್ಜಿಂಗನ್ನು ಅನುಮಾನಿಸಬೇಕು.

ಇಲ್ಲಿ ಕರೆಂಟಿನ ಫೀಡರಿನ ವಿಷಯ ಬರುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಫೀಡರನ್ನೂ ಪಂಪ್‌ಸೆಟ್‌ಗಳ ಫೀಡರನ್ನೂ ಬೇರ್ಪಡಿಸಲಾಗಿದೆ. ಕ್ಯಾಬಿನೆಟ್ಟಿಗೆ ಹತ್ತಿರದ ಕಂಬವೆಂಬ ಕಾರಣಕ್ಕೆ ಪಂಪ್‌ಸೆಟ್ ಲೈನಿನಿಂದ ಸಂಪರ್ಕ ಪಡೆದಿದ್ದರೆ ಕರೆಂಟ್ ಇರುವ ಗಂಟೆಗಳೂ ಕಡಿಮೆ, ಇರುವಾಗಿನ ವೋಲ್ಟೇಜೂ ಕಡಿಮೆ. ಅರಸೀಕೆರೆ, ಕಡೂರು ಕಡೆಯ ಕೊಳವೆ ಬಾವಿಗಳ ಪ್ರದೇಶದಲ್ಲಿ ಇದನ್ನು ಮೊದಲು ಪರಿಶೀಲಿಸಬೇಕು. ಮೋಟಾರುಗಳು ಓಡುವ ಹೊತ್ತಿನಲ್ಲಿ ಮೀಟರ್ ಹಿಡಿದು ನೋಡಿ, ಆ ಅಂಕಿಯನ್ನು ರೆಕ್ಟಿಫೈಯರಿನ ಮೇಲೆ ಬರೆದಿರುವ ವ್ಯಾಪ್ತಿಯೊಂದಿಗೆ ಹೋಲಿಸಬೇಕು. ಫೀಡರ್ ಬದಲಿಸಲು ಅರ್ಜಿ ಕೊಡಬೇಕಾದ್ದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೆಸ್ಕಾಂಗೆ, ಹಾಸನದಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ. ಅದಾಗದೆ ಬ್ಯಾಟರಿ ಬದಲಿಸುವುದು ದುಡ್ಡು ದಂಡ.

ವೋಲ್ಟೇಜ್ 230ರ ಬದಲು 300, 350 ತೋರಿಸಿದರೆ ನ್ಯೂಟ್ರಲ್ ಕಡಿದಿದೆ ಎಂದು ತಿಳಿದು ಕೂಡಲೇ ಮೇನ್ ಇಳಿಸಿ ಲೈನ್‌ಮ್ಯಾನ್‌ಗೆ ಹೇಳಬೇಕು. ಆ ಸಾಲಿನ ಮನೆಗಳಿಗೂ ಅದು ಅಪಾಯ.

ಬಯಲು ಸೀಮೆಯ ತಾಲ್ಲೂಕುಗಳಲ್ಲಿ ಬಿಸಿಯ ತೊಂದರೆ ಮಾರ್ಚ್‌ನಿಂದ ಮೇವರೆಗೆ ಹೆಚ್ಚು. 25 ಡಿಗ್ರಿಗಿಂತ ಮೇಲೆ ಪ್ರತಿ ಹತ್ತು ಡಿಗ್ರಿಗೆ ಸೀಲ್ಡ್ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಫ್ಯಾನ್ ಓಡುತ್ತಿದ್ದರೆ ಸಾಲದು, ಫಿಲ್ಟರ್ ತೆಗೆದು ನೋಡಬೇಕು. ರಸ್ತೆಯ ಮೇಲೆ ರಾಗಿ ಒಕ್ಕಣೆ ನಡೆದ ವಾರದಲ್ಲಿ ಅದು ಹೊಟ್ಟಿನಿಂದ ಮುಚ್ಚಿಹೋಗಿರುತ್ತದೆ.

ಸಿಡಿಲು ಮತ್ತು ಅರ್ಥಿಂಗ್

ಭರಣಿ, ಕೃತ್ತಿಕಾ ಮಳೆಗಳ ಗುಡುಗಿನಲ್ಲಿ ಪೋರ್ಟ್ ಸುಟ್ಟರೆ ಸಿಡಿಲನ್ನು ದೂರುವ ಮುನ್ನ ಸರ್ಜ್ ಅರೆಸ್ಟರಿನ (ಥಟ್ಟನೆ ಏರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಕಿಟಕಿಯ ಬಣ್ಣ ನೋಡಬೇಕು. ಹಸಿರಿನ ಬದಲು ಕೆಂಪು ಕಂಡರೆ ಅದು ಹಿಂದಿನ ಯಾವುದೋ ಸಿಡಿಲಿಗೇ ಮುಗಿದುಹೋಗಿದೆ. ಫೈಬರ್ ಕರೆಂಟ್ ಸಾಗಿಸುವುದಿಲ್ಲವಾದರೂ ಆರ್ಮರ್ಡ್ ಕೇಬಲ್ಲಿನ ಉಕ್ಕಿನ ಕವಚ ಸಾಗಿಸುತ್ತದೆ. ಆ ಕವಚವನ್ನು ಕ್ಯಾಬಿನೆಟ್ಟಿನ ಪ್ರವೇಶದಲ್ಲೇ ಅರ್ಥ್ ಬಾರಿಗೆ ಸೇರಿಸದೆ ಟ್ರೇಯವರೆಗೆ ಎಳೆದಿರುವುದು ಅಳವಡಿಕೆಯ ತಪ್ಪುಗಳಲ್ಲಿ ನಾನು ಅತ್ಯಂತ ಗಂಭೀರವೆಂದು ಎಣಿಸುವಂಥದ್ದು, ಏಕೆಂದರೆ ಅದು ಕೆಲಸ ಮಾಡುವವನ ಜೀವಕ್ಕೇ ಕುತ್ತು. ಅರ್ಥ್ ರೆಸಿಸ್ಟೆನ್ಸನ್ನು ಏಪ್ರಿಲ್‌ನಲ್ಲಿ, ನೆಲ ಒಣಗಿರುವಾಗ ಅಳೆಯಬೇಕು. ಜುಲೈನ ಒದ್ದೆ ನೆಲದಲ್ಲಿ ಬಂದ ಒಳ್ಳೆಯ ಅಂಕಿ, ಬಂಡೆಯ ಮೇಲೆ ತೆಳುವಾಗಿ ಮಣ್ಣಿರುವ ಗುಡ್ಡದಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಅಳತೆ ಸರಿಯಿದ್ದೂ ಸಂಪರ್ಕವಿಲ್ಲದಿದ್ದಾಗ

ಮೈನಸ್ 19 ಬರುತ್ತಿದೆ, ಆದರೂ ಓಎನ್‌ಟಿಯ ಪಾನ್ ದೀಪ (ಓಎಲ್‌ಟಿಯೊಂದಿಗಿನ ಸಂಪರ್ಕ ತೋರಿಸುವುದು) ಮಿನುಗುತ್ತಲೇ ಇದೆ ಎಂದಾದರೆ ಫೈಬರ್ ಅದಲುಬದಲಾಗಿರಬಹುದು. ಜೆಸಿಬಿ ಕಡಿದ ಕೇಬಲ್ಲನ್ನು ರಾತ್ರಿ ಟಾರ್ಚ್ ಬೆಳಕಿನಲ್ಲಿ ಜೋಡಿಸುವಾಗ ಬೂದು ಮತ್ತು ಬಿಳಿ, ಗುಲಾಬಿ ಮತ್ತು ಕಿತ್ತಳೆ ಕಣ್ಣಿಗೆ ಒಂದೇ ಆಗುತ್ತವೆ. ಬೆಳಕು ಬರುತ್ತದೆ, ಆದರೆ ಬೇರೊಂದು ಪಾನ್ ಪೋರ್ಟಿನಿಂದ. ಆ ಪೋರ್ಟಿನಲ್ಲಿ ಈ ಓಎನ್‌ಟಿಯ ಸೀರಿಯಲ್ ಸಂಖ್ಯೆ ದಾಖಲಾಗಿರುವುದಿಲ್ಲ. ಓಎಲ್‌ಟಿಯಲ್ಲಿ ನೋಂದಣಿಯಾಗದ ಓಎನ್‌ಟಿಗಳ ಪಟ್ಟಿ ತೆರೆದರೆ ಕ್ಷಣದಲ್ಲಿ ತಿಳಿಯುತ್ತದೆ.

ಓಎಲ್‌ಟಿಯ ಒಂದು ಪಾನ್ ಪೋರ್ಟಿನ ಎಲ್ಲ ಮನೆಗಳೂ ಬಂದು ಹೋಗಿ ಮಾಡುತ್ತಿದ್ದು, ಎಲ್ಲೆಡೆ ಬೆಳಕು ಸರಿಯಿದ್ದರೆ ಯಾವುದೋ ಒಂದು ಓಎನ್‌ಟಿ ತನ್ನ ಸರದಿ ಮೀರಿ ಬೆಳಕು ಬಿಡುತ್ತಿದೆ. ಜಿಪಾನ್‌ನಲ್ಲಿ ಮನೆಗಳಿಂದ ಹೊರಡುವ ಬೆಳಕಿಗೆ ಒಬ್ಬರಾದ ಮೇಲೆ ಒಬ್ಬರಂತೆ ಸಮಯ ಹಂಚಿರುತ್ತದೆ. ಒಂದು ಸಾಧನ ನಿಲ್ಲದೆ ಬೆಳಗಿದರೆ ಉಳಿದವರ ಮಾತು ಓಎಲ್‌ಟಿಗೆ ಕೇಳಿಸುವುದಿಲ್ಲ. ನಿಲ್ಲದೆ ಬೆಳಕು ಬಿಡುವ ಹಳೆಯ ಮೀಡಿಯಾ ಕನ್ವರ್ಟರನ್ನು ಯಾರಾದರೂ ಅದೇ ಫೈಬರಿಗೆ ಸಿಕ್ಕಿಸಿದರೂ ಇದೇ ಆಗುತ್ತದೆ. ಸ್ಪ್ಲಿಟರಿನ ಪೋರ್ಟ್‌ಗಳನ್ನು ಒಂದೊಂದಾಗಿ ಕಳಚುತ್ತ ಹೋಗಿ, ಯಾವುದನ್ನು ಕಳಚಿದಾಗ ಉಳಿದವು ಸ್ಥಿರವಾದವೋ ಆ ಮನೆಗೆ ಹೋಗಬೇಕು. ಪೋರ್ಟಿಗೆ ಲೇಬಲ್ ಇಲ್ಲದ ಕ್ಯಾಬಿನೆಟ್ಟಿನಲ್ಲಿ ಈ ಕೆಲಸಕ್ಕೆ ಇಡೀ ದಿನ ಹೋಗುತ್ತದೆ.

ಜಾಗವೇ ತಪ್ಪಿದಾಗ

ಕಡಿದ ಧರೆಯ ಬುಡದಲ್ಲಿ, ತಿರುವಿನ ಹೊರ ಅಂಚಿನಲ್ಲಿ, ಚರಂಡಿಯ ಮೇಲೆ ಅಥವಾ ಆನೆಗಳು ರಸ್ತೆ ದಾಟುವ ಜಾಡಿನಲ್ಲಿ ನಿಲ್ಲಿಸಿದ ಕ್ಯಾಬಿನೆಟ್ಟಿಗೆ ದುರಸ್ತಿಯಿಂದ ಪ್ರಯೋಜನವಿಲ್ಲ. ಒಂದೇ ಮಳೆಗಾಲದಲ್ಲಿ ಮತ್ತೆ ಮತ್ತೆ ನೀರು ಅಥವಾ ಮಣ್ಣು ನುಗ್ಗಿದ್ದರೆ ಸ್ಥಳಾಂತರದ ಪ್ರಸ್ತಾವನೆಯನ್ನು ಅಳತೆಯ ದಾಖಲೆಗಳು ಮತ್ತು ಫೋಟೋಗಳೊಂದಿಗೆ ಬರೆದು ಕಳಿಸಬೇಕು. ಜಾಗಕ್ಕೆ ಪಂಚಾಯಿತಿಯ ಅನುಮತಿಯ ಜೊತೆಗೆ ರಸ್ತೆ ಯಾರದೋ ಅವರ ಅನುಮತಿಯೂ ಬೇಕು. ಅರಣ್ಯದ ಅಂಚಾದರೆ ಅರಣ್ಯ ಇಲಾಖೆಯದೂ ಸೇರುತ್ತದೆ. ಅಗೆಯುವ ಮುನ್ನ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರತಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ತಿಳಿಸಿ, ನೀರಿನ ಪೈಪ್ ಎಲ್ಲಿದೆಯೆಂದು ಪಂಚಾಯಿತಿಯ ನೀರುಗಂಟಿಯನ್ನು ಕೇಳಬೇಕು. ಎಷ್ಟೋ ಹಳ್ಳಿಗಳಲ್ಲಿ ಪೈಪಿನ ನಕ್ಷೆ ಇರುವುದು ಅವರ ತಲೆಯಲ್ಲೇ. ಹೊಸ ಜಾಗದಲ್ಲಿ ಹಳೆಯ ಕೇಬಲ್ಲನ್ನು ಎಳೆದು ಮುಟ್ಟಿಸಲು ಹೋಗದೆ, ಹತ್ತಿರದ ಚೇಂಬರಿನಲ್ಲಿ ಹತ್ತು ಮೀಟರ್ ಹೆಚ್ಚುವರಿ ಸುತ್ತು ಬಿಟ್ಟು ಹೊಸ ಜಾಯಿಂಟ್ ಹಾಕಿ, ಎಲ್ಲ ಪೋರ್ಟ್‌ಗಳ ಅಳತೆಯನ್ನು ಅದೇ ದಿನ ತೆಗೆದು ಬಾಗಿಲಿನ ಒಳಬದಿಗೆ ಅಂಟಿಸಬೇಕು.